ಕಲ್ಸೋಮಳ ಮಾರು

ತೆರೆಂಗಾನು ಕರಾವಳಿಯಲ್ಲಿ ಬಡಗಿ ದೆರಾಮನ್ ಕಟ್ಟಿದ ಮನೆಗಳನ್ನು ನೋಡುತ್ತಾ ಹೊರಟರೆ ಒಂದು ದಿನ ಸಾಲದು. ಅವನ ಸ್ವಂತ ಮನೆ ಯಾವುದು ಎಂದು ಮಾತ್ರ ಕೇಳಬೇಡಿ. ಮೀನು ಮಾರುಕಟ್ಟೆಯ ಹಿಂದೆ ಸಿಮೆಂಟಿನ ಎರಡು ಬಾಡಿಗೆ ಕೋಣೆ, ತಗಡಿನ ಮಾಡು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವುದು ಇಂಥವರನ್ನು ನೋಡಿಯೇ.

ನಮ್ಮ ಕಡೆ ಮರದ ಮನೆಗೆ ಅಳತೆ ಹಿಡಿಯುವುದು ಅಡಿಕೋಲಿನಿಂದಲ್ಲ, ಮನೆಯ ಯಜಮಾನಿಯ ಮಾರಿನಿಂದ. ಅವಳು ಎರಡೂ ತೋಳು ಚಾಚಿ ನಿಂತರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಹಗ್ಗ ಹಿಡಿಯುತ್ತಾರೆ. ಕಂಬ, ತೊಲೆ, ಬಾಗಿಲು ಎಲ್ಲಕ್ಕೂ ಅದೇ ಲೆಕ್ಕ. ಗಂಡಸಿಗೇನು, ಹಗಲೆಲ್ಲ ದೋಣಿಯಲ್ಲೋ ಚಹಾದಂಗಡಿಯಲ್ಲೋ ಇರುತ್ತಾನೆ. ಮನೆಯೊಳಗೆ ಬದುಕುವವಳು ಅವಳು. ಇನ್ನೊಂದು ಕಟ್ಟಳೆಯೂ ಉಂಟು: ಒಬ್ಬಳ ಮಾರು ಒಂದೇ ಮನೆಗೆ. ಎರಡನೆಯದಕ್ಕೆ ಕೊಟ್ಟರೆ ಅವಳು ಯಾವುದರಲ್ಲೂ ನೆಲೆ ನಿಲ್ಲುವುದಿಲ್ಲ ಅನ್ನುತ್ತಾರೆ. ದೆರಾಮನನೇ ಇದನ್ನು ಪ್ರತಿ ಮನೆಯ ಅಂಗಳದಲ್ಲೂ ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದ.

ಪರರ ಹೆಂಡತಿಯ ಕೈ ಮುಟ್ಟುವುದು ಮರ್ಯಾದೆಯಲ್ಲವಲ್ಲ, ಹಗ್ಗ ಹಿಡಿಯಲು ಅವನ ಹೆಂಡತಿ ಕಲ್ಸೋಮ್ ಜೊತೆಗೆ ಹೋಗುತ್ತಿದ್ದಳು. ಮೂವತ್ತೆಂಟು ವರ್ಷ ಹೀಗೇ. ಆ ತೀರದ ಹೆಂಗಸರ ತೋಳುಗಳೆಲ್ಲ ಅವಳಿಗೆ ಗೊತ್ತು. ಅವಳ ತೋಳಿಗೆ ಹಗ್ಗ ಹಿಡಿದವರು ಯಾರೂ ಇಲ್ಲ.

ಹಾಗಂತ ಅವಳಿಗೆ ಆಸೆ ಇರಲಿಲ್ಲವೇ? ಅಪ್ಪನಿಂದ ಬಂದ ತುಂಡು ಜಾಗ ಕಡಲ ಪಕ್ಕದಲ್ಲೇ ಇತ್ತು. ಮುಂದೆ ಕೇದಗೆಯ ಪೊದೆ, ನಡುವೆ ದೊಡ್ಡದೊಂದು ಕಾಡುಬಾದಾಮಿ ಮರ. ಸಂಜೆ ಮೀನು ಹೆರೆಯುತ್ತಾ ಅವಳು ಆ ಮನೆಯನ್ನು ಬಾಯಲ್ಲೇ ಕಟ್ಟುತ್ತಿದ್ದಳು.

"ಮರ ಕಡಿಯೋದು ಬೇಡ, ಮನೇನೇ ಸ್ವಲ್ಪ ಸರೀಲಿ. ಕೇದಗೆ ಮುಂದೆ ಹಾಗೇ ಇರ್ಲಿ, ಮಳೆಗಾಲದ ಗಾಳಿ ಮೊದ್ಲು ಅದಕ್ಕೆ ಹೊಡೀಲಿ. ಮನೆ ಒಂದೇ ಮುದ್ದೆ ಬೇಡ, ಎರಡು ತುಂಡು ಮಾಡಿ. ನಡುವೆ ಗಾಳಿ ಓಡಾಡ್ಲಿ. ಆಮೇಲೆ ಅಡುಗೆಮನೆ ಸಮುದ್ರದ ಕಡೆಗೆ."

"ಅಡುಗೆಮನೆ ಮುಂದೆ ಇಡ್ತಾರಾ ಯಾರಾದ್ರೂ? ನಗ್ತಾರೆ, ಸೋಮ್."

"ನಗ್ಲಿ ಬಿಡಿ, ಅಬಾಂಗ್," ಅನ್ನುತ್ತಿದ್ದಳು, ಗಂಡನನ್ನು ಅವಳು ಕರೆಯುವುದು ಹಾಗೆ. "ಬಂದವರು ಎದುರಿಗೆ ಕೂತು ಸಮುದ್ರ ನೋಡ್ಬೇಕು, ನಾನು ಹಿಂದೆ ಕೂತು ಕೋಳಿಗೂಡು ನೋಡ್ಬೇಕಾ?"

"ಆಗ್ಲಿ, ಈ ಮಳೆಗಾಲ ಒಂದು ಕಳೀಲಿ," ಅನ್ನುತ್ತಿದ್ದ ದೆರಾಮನ್. ಮಳೆಗಾಲಗಳೇನೋ ಕಳೆದವು. ಒಳ್ಳೆಯ ಚೆಂಗಲ್ ಮರ ಸಿಕ್ಕಾಗಲೆಲ್ಲ ಅದು ಬೇರೆ ಯಾರದೋ ಮನೆಯ ಕಂಬವಾಯಿತು.

ಕೊನೆಗೊಂದು ವರ್ಷ ಕ್ವಾಲಾಲಂಪುರದ ಡಾಕ್ಟರ್ ರಿದ್ಜುವಾನ್ ಬಂದ. ಕೊಲ್ಲಿಯ ಆಚೆ ಬದಿಯಲ್ಲಿ ಅವನು ಕೊಂಡಿದ್ದ ಜಾಗದಲ್ಲೂ ಮರ, ಪೊದೆ ಎಲ್ಲ ಇದ್ದವು.

"ಪಾಕ್ ಚಿಕ್, ನನಗೆ ಈ ಕಾಲದ ಮನೆ ಬೇಕು. ಆದ್ರೆ ಇಲ್ಲೇ ಹುಟ್ಟಿ ಬೆಳೆದ ಹಾಗಿರ್ಬೇಕು. ಆರ್ಕಿಟೆಕ್ಟ್ ಮೂರು ಸಲ ಬರೆದುಕೊಟ್ರು, ಮೂರೂ ಹೋಟೆಲ್ ಥರ ಇದಾವೆ," ಎಂದ, ಚಿಕ್ಕಪ್ಪನೆಂದು ಮರ್ಯಾದೆ ಕೊಟ್ಟು.

ದೆರಾಮನ್ ಒಂದು ಕಡ್ಡಿ ತೆಗೆದುಕೊಂಡು ಮರಳಿನ ಮೇಲೆ ಗೀರಿದ. ಮರ ಉಳಿಸಿ ಪಕ್ಕಕ್ಕೆ ಬಾಗಿದ ಮನೆ. ಎರಡು ತುಂಡು, ನಡುವೆ ಗಾಳಿಯ ಹಾದಿ. ಕಡಲಿಗೆ ಮುಖ ಮಾಡಿದ ಅಡುಗೆಮನೆ, ಅದಕ್ಕೆ ಉದ್ದಕ್ಕೂ ಗಾಜು. ಡಾಕ್ಟರ್ ಬಾಯಿ ಬಿಟ್ಟುಕೊಂಡು ನೋಡಿದ.

"ಇದೆಲ್ಲ ನಿಮಗೇ ಹೊಳೀತಾ?"

ನಾಲಿಗೆ ಇದ್ದದ್ದು ದೆರಾಮನನ ಬಾಯಲ್ಲೇ. ಹೆಂಡತಿಯದು ಎಂದು ಹೇಳಲು ಎಷ್ಟು ಹೊತ್ತು ಬೇಕು? ಆದರೆ ಹೊಗಳಿಕೆ ಕಿವಿಗೆ ಬಿದ್ದ ಮೇಲೆ ಮನುಷ್ಯ ಮನುಷ್ಯನಾಗಿ ಉಳಿಯುವುದು ಕಷ್ಟ. "ನಲವತ್ತು ವರ್ಷದ ಅನುಭವ, ಡಾಕ್ಟ್ರೇ," ಅಂದುಬಿಟ್ಟ.

ಕಂಬ ನೆಡಲು ಶುಭದಿನ ಗೊತ್ತಾಯಿತು. ಡಾಕ್ಟರನ ಹೆಂಡತಿ ಪರದೇಶದಲ್ಲಿ ಓದುತ್ತಿದ್ದಳು, ಬರುವುದು ಆರು ತಿಂಗಳ ಮೇಲೆ. ಮಾರು ಇಲ್ಲದೆ ಕಂಬ ಕೊಯ್ಯುವ ಧೈರ್ಯ ದೆರಾಮನನಿಗಿಲ್ಲ, ದಿನ ಮುಂದೂಡಲು ಡಾಕ್ಟರನಿಗೆ ಬಿಡುವಿಲ್ಲ. ದೆರಾಮನ್ ಹಗ್ಗ ಹಿಡಿದು ಮನೆಗೆ ಬಂದ.

"ಸೋಮ್, ಸ್ವಲ್ಪ ತೋಳು ಚಾಚು."

ಕಲ್ಸೋಮ್ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಒಳಗೆ ಹೋಗಿ ಕೈ ತೊಳೆದು, ಹಬ್ಬದ ತಲೆವಸ್ತ್ರ ಕಟ್ಟಿಕೊಂಡು ಅಂಗಳಕ್ಕೆ ಬಂದಳು. "ಅಂತೂ ನನ್ನ ಸರದಿ ಬಂತು. ಸರಿಯಾಗಿ ಹಿಡೀರಿ, ನನ್ನ ಕೈಲಿ ಪಳಗಿದ ಹಗ್ಗ ಅದು," ಅಂದು ನಕ್ಕು, ಎರಡೂ ತೋಳು ಚಾಚಿದಳು.

ಅವನಿಗೆ ಅರ್ಥವಾಯಿತು. ಆಗಲೇ ಹೇಳಬೇಕಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡು ಹಗ್ಗಕ್ಕೆ ಗಂಟು ಹಾಕಿದ. ಮರುದಿನ ಮಾರುಕಟ್ಟೆಯಲ್ಲಿ ಅವಳು ಮೀನಿನವಳಿಗೂ ತರಕಾರಿಯವಳಿಗೂ ತನ್ನ ಮನೆಗೆ ಅಳತೆ ಆಯಿತೆಂದು ಹೇಳುತ್ತಿದ್ದದ್ದು ಅವನ ಕಿವಿಗೂ ಬಿತ್ತು. ಆಗಲೂ ಬಾಯಿ ಬಿಡಲಿಲ್ಲ.

ಅವಳಿಗೆ ತಿಳಿದದ್ದು ಕಂಬ ಏಳುವ ದಿನ, ಕೆಲಸದವರಿಗೆ ಊಟ ಹೊತ್ತುಕೊಂಡು ಡಾಕ್ಟರನ ಜಾಗಕ್ಕೆ ಹೋದಾಗ. ಮೊದಲ ಕಂಬಕ್ಕೆ ಅದೇ ಗಂಟಿನ ಹಗ್ಗ ಸುತ್ತಿತ್ತು. ಅವಳು ಬುಟ್ಟಿ ಇಳಿಸಿ, ನೆಲದ ಮೇಲೆ ಎಳೆದ ಗೆರೆಗಳ ನಡುವೆ ನಿಧಾನಕ್ಕೆ ನಡೆದಾಡಿದಳು.

"ಅಡುಗೆಮನೆ ಸಮುದ್ರದ ಕಡೆ ಇಟ್ಟಿದ್ದೀರಿ. ಒಳ್ಳೇದು," ಅಂದಳು. ಆಮೇಲೆ ಎಲ್ಲರಿಗೂ ಬಡಿಸಿದಳು.

ಆ ಮನೆಯನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬಂದರು, ಪತ್ರಿಕೆಯವರು ಚಿತ್ರ ತೆಗೆದರು. ದೆರಾಮನನಿಗೆ ಅದರಿಂದ ಸಂತೋಷವಾಗಲಿಲ್ಲ. ಎರಡು ವರ್ಷದ ಮೇಲೆ ಅವನು ಬೇರೆ ಕೆಲಸವನ್ನೆಲ್ಲ ಬಿಟ್ಟು, ಒಳ್ಳೆಯ ಚೆಂಗಲ್ ತರಿಸಿ, ಮಾವನ ಜಾಗದಲ್ಲಿ ಇಳಿಸಿ ಬಂದು ಹೆಂಡತಿಯ ಮುಂದೆ ನಿಂತ. ಅವಳು ಮೀನು ಹೆರೆಯುವುದನ್ನು ನಿಲ್ಲಿಸಲಿಲ್ಲ.

"ಒಬ್ಬಳ ಮಾರು ಒಂದೇ ಮನೆಗೆ ಅಂತ ಊರಿಗೆಲ್ಲ ಹೇಳಿದವರು ನೀವೇ. ನಂದು ಕೊಟ್ಟಾಯ್ತಲ್ಲ."

"ಅದೆಲ್ಲ ಹಳೇ ಕಾಲದ ಮಾತು, ಸೋಮ್. ಟೇಪು ಹಿಡಿದೇ ಕಟ್ತೀನಿ."

"ಟೇಪಿನ ಮನೇಲಿ ಈಗ್ಲೇ ಇದೀನಲ್ಲ."

ಅವನು ಬೇಡಿಕೊಂಡ, ಸಿಡುಕಿದ, ಎರಡು ದಿನ ಊಟ ಬಿಟ್ಟ. ಅವಳು ಜಗ್ಗಲಿಲ್ಲ. ಮರ ಒಂದು ಮಳೆಗಾಲ ಅಲ್ಲೇ ನೆನೆಯಿತು. ಆಮೇಲೆ ಅವಳೇ ಹೇಳಿ ಅದನ್ನು ಮಸೀದಿಯ ಜಗಲಿಗೆ ಕೊಡಿಸಿದಳು.

ಡಾಕ್ಟರನ ಸಂಸಾರ ಆ ಮನೆಗೆ ಬರುವುದು ವರ್ಷಕ್ಕೆ ಹತ್ತೋ ಹನ್ನೆರಡೋ ದಿನ. ಬೀಗದ ಕೈ ದೆರಾಮನನ ಹತ್ತಿರ. ವಾರಕ್ಕೊಮ್ಮೆ ಗಂಡ ಹೆಂಡತಿ ಹೋಗಿ ಗುಡಿಸಿ ಬರುತ್ತಾರೆ. ಯಾವ ಕಿಟಕಿ ಮೊದಲು ತೆರೆದರೆ ಗಾಳಿ ಯಾವ ಕೋಣೆಗೆ ನುಗ್ಗುತ್ತದೆ ಎನ್ನುವುದು ಕಲ್ಸೋಮಳಿಗೆ ಮೊದಲ ದಿನವೇ ಗೊತ್ತಿತ್ತು. ಊಟದ ಹೊತ್ತಿಗೆ ಮಾತ್ರ ಅವಳು ಹೊರಗಿನ ಮೆಟ್ಟಿಲ ಮೇಲೆ ಬಾಳೆಲೆಯ ಬುತ್ತಿ ಬಿಚ್ಚುತ್ತಾಳೆ.

ಮೊನ್ನೆ ದೆರಾಮನ್ ತಡೆಯಲಾರದೆ ಹೇಳಿದ: "ಒಳಗೆ ಅಡುಗೆಮನೇಲಿ ಕೂತು ಉಣ್ಣು, ಸೋಮ್. ಯಾರಿದಾರೆ ಇಲ್ಲಿ?"

"ಮನೆಯವರು ಕೂರಿ ಅನ್ನದೆ ಹೇಗೆ ಕೂರ್ಲಿ?"

ಅವನು ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದ. "ತಪ್ಪಾಯ್ತು, ಸೋಮ್. ನಿನ್ನ ಮನೇನ ಬೇರೆಯವರಿಗೆ ಕಟ್ಟಿಕೊಟ್ಟೆ."

ಕಲ್ಸೋಮ್ ಎಲೆ ಮಡಿಸಿದಳು.

"ಕಟ್ಟಿಕೊಟ್ಟಿದ್ದಕ್ಕಲ್ಲ ನಂಗೆ ಬೇಜಾರು, ಅಬಾಂಗ್. ಯಾರಿಗೆ ಅಂತ ಅವತ್ತೇ ಹೇಳಿದ್ದಿದ್ರೆ, ಆಗ್ಲೂ ನಾನು ತೋಳು ಚಾಚ್ತಿದ್ದೆ."

ಹಾಗಂದು ಕೈ ತೊಳೆದು, ಉಳಿದ ಕೋಣೆ ಗುಡಿಸಲು ಒಳಗೆ ಹೋದಳು.