ಚಿಮಟಾದ ಮೂರನೇ ಬುಶ್ಶು

ನಮ್ಮ ಮನೆಯ ಮೋಟರ್ ಸೈಕಲ್ಲು ನನಗಿಂತ ಆರು ವರ್ಷ ಮೊದಲು ಈ ಮನೆಗೆ ಬಂದದ್ದು. ಬಂದಾಗಲೇ ಅದು ಹಳೆಯದು. ಅತ್ತೆ ಸುಭದ್ರಾಬಾಯಿ ಅದರ ಹ್ಯಾಂಡಲ್ಲಿಗೆ ಲಿಂಬೆಕಾಯಿ ಕಟ್ಟುತ್ತಾರೆ, ಇವರು, ಎಂದರೆ ನನ್ನ ಗಂಡ, ದಿನಕ್ಕೊಮ್ಮೆ ಅದಕ್ಕೆ ಬೈಯುತ್ತಾರೆ, ಓಣಿಯವರು ಬೇಕಾದಾಗ ಕೇಳಿ ಒಯ್ಯುತ್ತಾರೆ. ನಾನು ಎಂಟು ತಿಂಗಳ ಮಗಳು ಶಿವಕಾಂತಾಳನ್ನು ಮಡಿಲಲ್ಲಿ ಒತ್ತಿ ಹಿಡಿದು, ಹಿಂದಿನ ಸೀಟಿನಲ್ಲಿ ಒಂದೇ ಬದಿಗೆ ಕಾಲು ಬಿಟ್ಟು, ಹೋಗಲು ಹನ್ನೊಂದು, ಬರಲು ಹನ್ನೊಂದು ಕಿಲೋಮೀಟರ್ ಅದರ ಕುಣಿತ ಸಹಿಸುತ್ತೇನೆ.

ಮಗು ಹುಟ್ಟುವ ಹಿಂದಿನ ವರ್ಷ, ಎಂಬತ್ತಾರರಲ್ಲಿ, ನನಗೆ ಪ್ರೈಮರಿ ಶಾಲೆಯ ನೌಕರಿ ಸಿಕ್ಕಿತು. ಶಾಲೆಯ ಊರು ಘತ್ತರಗಿಯ ಕಡೆ, ದೊಡ್ಡ ರಸ್ತೆಯಿಂದ ಒಳಗೆ. ನಾವಿರುವ ಅಫಜಲಪುರದಿಂದ ಬಸ್ಸಿದೆ, ಆದರೆ ಕ್ರಾಸಿನಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ನಾಲ್ಕು ಕಿಲೋಮೀಟರ್ ಕರಿ ಮಣ್ಣಿನ ದಾರಿ. ಅಮಾವಾಸ್ಯೆ ಬಂದರೆ ಭಾಗ್ಯವಂತಿ ದೇವಿಯ ದರ್ಶನಕ್ಕೆ ಹೋಗುವವರಿಂದ ಬಸ್ಸಿನೊಳಗೆ ಕಾಲಿಡಲು ಜಾಗವಿಲ್ಲ. ಹಾಗಾಗಿ ಗಾಡಿ ಇದ್ದರೆ ನೌಕರಿ, ಗಾಡಿ ಇಲ್ಲದಿದ್ದರೆ ಇಲ್ಲ.

ಆ ಗಾಡಿಯ ಹಿಂದಿನ ಗಾಲಿಯನ್ನು ಎರಡು ಕಾಲಿನ ಒಂದು ಕಬ್ಬಿಣದ ತೋಳು ಹಿಡಿದಿರುತ್ತದೆ. ರೊಟ್ಟಿ ತಿರುವುವ ಚಿಮಟಾದ ಹಾಗೆಯೇ ಇರುವುದರಿಂದ ಮಿಸ್ತ್ರಿಗಳು ಅದಕ್ಕೂ ಚಿಮಟಾ ಎನ್ನುತ್ತಾರೆ. ಅದು ಗಾಡಿಯ ಮೈಗೆ ಕೂಡುವಲ್ಲಿ ಒಂದು ಉದ್ದ ಪಿನ್ನು, ಪಿನ್ನಿನ ಸುತ್ತ ಎರಡು ದಪ್ಪ ಬಳೆಗಳು. ಅವೇ ಬುಶ್ಶು. ಅವು ಸವೆದರೆ ಮುಂದಿನ ಗಾಲಿ ಒಂದು ದಾರಿ, ಹಿಂದಿನದು ಇನ್ನೊಂದು ದಾರಿ ಹಿಡಿಯುತ್ತವೆ. ತಿರುವಿನಲ್ಲಿ ಹಿಂಬದಿ ಜಾರಿದಾಗ ಮಗುವನ್ನು ನಾನು ಎಷ್ಟು ಬಿಗಿಯಾಗಿ ಅಪ್ಪಿಕೊಳ್ಳುತ್ತೇನೆಂದರೆ ಅದು ಚೀರುತ್ತದೆ. ಇವರು ಮುಂದಿನಿಂದ, ಕೂಸಿಗೆ ಏನಾಯಿತು ಎಂದು ಕೇಳುತ್ತಾರೆ.

ಶಿವಕಾಂತಾಳ ಹಲ್ಲು ಹುಟ್ಟಿದ ದಿನ ಬರೆದ ನೋಟುಬುಕ್ಕಿನಲ್ಲೇ ಬುಶ್ಶು ಬದಲಿಸಿದ ದಿನಗಳೂ ಇವೆ. ಜನವರಿ, ಮೇ, ಸೆಪ್ಟೆಂಬರ್. ಐದಾರು ವರ್ಷ ಬಾಳಬೇಕಾದದ್ದು ನಮ್ಮ ಮನೆಯಲ್ಲಿ ನಾಲ್ಕು ತಿಂಗಳು.

ಮೂರು ಸಲವೂ ಹಾಕಿದವರು ಸಲಾವುದ್ದೀನ ಮಿಸ್ತ್ರಿ. ಊರು ಜೇವರ್ಗಿ, ತಂದೆ ಟಾಂಗಾ ಹೊಡೆಯುತ್ತಿದ್ದರಂತೆ. ಮೊದಲು ಭೀಮಾ ದಂಡೆಯ ಹೊಲಗಳಲ್ಲಿ ನೀರೆತ್ತುವ ಇಂಜಿನ್ನು ರಿಪೇರಿ ಮಾಡಿಕೊಂಡು ತಿರುಗಿ, ಆಮೇಲೆ ಅಫಜಲಪುರದಲ್ಲಿ ಒಂದು ಬೇವಿನ ಮರದ ಕೆಳಗೆ ಅಂಗಡಿ ಹಾಕಿದರು. ಈಗ ವಯಸ್ಸು ಐವತ್ತೈದರ ಮೇಲೆ. ಗಾಡಿಯೊಂದಿಗೆ ಉರ್ದು ಮಾತಾಡುತ್ತಾರೆ, ಮನುಷ್ಯರೊಂದಿಗೆ ಕನ್ನಡ. ಗಾಡಿಯೊಂದಿಗೇ ಹೆಚ್ಚು. ಅವರ ಕೆಲಸ ನೋಡಲು ತಾಳ್ಮೆ ಬೇಕು, ನನ್ನಲ್ಲಿ ಅದು ಇಲ್ಲ. ಬುಶ್ಶು ಕೂರಿಸುವ ಮೊದಲು ಅದನ್ನು ಐಸ್‌ಕ್ಯಾಂಡಿಯವನ ಪೆಟ್ಟಿಗೆಯಲ್ಲಿ ಒಂದು ತಾಸು ಇಡುತ್ತಾರೆ. ತಣ್ಣಗಾದ ಲೋಹ ಕೂದಲೆಳೆಯಷ್ಟು ಕುಗ್ಗುತ್ತದಂತೆ. ಆಮೇಲೆ ಉದ್ದ ಬೋಲ್ಟು, ಎರಡು ವಾಶರು ಹಾಕಿ ನಟ್ಟು ತಿರುವುತ್ತ ತಿರುವುತ್ತ ಒಳಗೆ ಎಳೆಯುತ್ತಾರೆ. ಸುತ್ತಿಗೆ ಮುಟ್ಟುವುದಿಲ್ಲ. ಬಸ್ ಸ್ಟ್ಯಾಂಡಿನ ಹೊಸ ಅಂಗಡಿಯವರು ಇದೇ ಕೆಲಸವನ್ನು ನಾಲ್ಕು ಏಟಿನಲ್ಲಿ ಮುಗಿಸುತ್ತಾರೆಂದು ಇವರು ಮಿಸ್ತ್ರಿಯ ಎದುರಿಗೇ ಹೇಳಿದ್ದೂ ಆಯಿತು. ಮಿಸ್ತ್ರಿ ನಟ್ಟು ತಿರುವುತ್ತಲೇ ಇದ್ದರು.

ಸೆಪ್ಟೆಂಬರಿನಲ್ಲಿ ಇವರ ತಾಳ್ಮೆ ಮುಗಿಯಿತು.

"ಮಿಸ್ತ್ರಿ, ಇದು ಮೂರನೇ ಸಲ. ಇನ್ನೊಮ್ಮಿ ಗಾಲಿ ಅಳ್ಳಾಡ್ತು ಅಂದ್ರ ಗಾಡಿ ಮಾರ್ತೇನಿ. ಇಕಿ ನೌಕರಿ ಬಿಟ್ಟು ಮನ್ಯಾಗ ಕೂಡ್ತಾಳ."

ನನ್ನ ನೌಕರಿ, ಆದರೆ ನನ್ನನ್ನು ಕೇಳಿದವರಿಲ್ಲ. ಮಿಸ್ತ್ರಿ ಮಾತ್ರ ಕೈ ಒರೆಸಿಕೊಂಡು ನನ್ನ ಕಡೆ ನೋಡಿದರು.

"ಅಕ್ಕೋರ ನೌಕರಿ ನನ್ನ ಬುಶ್ಶಿನ ಮ್ಯಾಲ ಇಟ್ರೇನ್ರಿ ಸಾಹುಕಾರ್ರೇ? ಭಾಳ ಭಾರ ಆಯ್ತಿದು."

ಇವರು ಚಹಾ ಕುಡಿಯಲು ಹೋದಾಗ ಮಿಸ್ತ್ರಿ ಒಂದು ಡಬ್ಬಿ ತೆಗೆದರು. ತಾವು ಬಿಚ್ಚಿದ ಹಳೆಯ ಬುಶ್ಶುಗಳನ್ನೆಲ್ಲ ಗಾಡಿಗೊಂದು ತಂತಿಯಲ್ಲಿ ಪೋಣಿಸಿ ಇಟ್ಟಿದ್ದರು. ನಮ್ಮವನ್ನು ನನ್ನ ಅಂಗೈ ಮೇಲೆ ಹಾಕಿದರು. ಒಳಗೆಲ್ಲ ಕಾಡಿಗೆಯಂಥ ಕಪ್ಪು, ಬೆರಳಿಗೆ ಮರಳಿನ ಹಾಗೆ ಕರಕರ. ತಾವು ತುಂಬುವ ಗ್ರೀಸು ಹಳದಿ, ಇದು ತಮ್ಮದಲ್ಲ, ಯಾರೋ ಏನೋ ಹಾಕುತ್ತಿದ್ದಾರೆ ಎಂದರು. ತಮ್ಮ ತಪ್ಪು ಮುಚ್ಚಿಕೊಳ್ಳಲು ಗಂಡಸರು ಏನೆಲ್ಲ ಹೇಳುತ್ತಾರೆ ಎಂದುಕೊಂಡು ನಾನು ಸುಮ್ಮನೆ ತಲೆ ಆಡಿಸಿದೆ.

ಮುಂದಿನ ಅಮಾವಾಸ್ಯೆ ಭಾನುವಾರ ಬಂತು. ಹಿತ್ತಲಲ್ಲಿ ಮಗುವಿನ ಬಟ್ಟೆ ಹರವುತ್ತಿದ್ದೆ. ಮಾವ ಬಸವಂತರಾಯರು ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಔಡಲ ಎಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಎಣ್ಣೆ ಅದು. ಪ್ರತಿ ಅಮಾವಾಸ್ಯೆ ಅವರು ಮನೆಯ ಗಾಲಿಗಳಿಗೆಲ್ಲ ತಪ್ಪದೆ ಎಣ್ಣೆ ಕಾಣಿಸುತ್ತಾರೆ, ಇಲ್ಲವಾದರೆ ಅವರಿಗೆ ಊಟ ರುಚಿಸುವುದಿಲ್ಲ. ಎತ್ತಿನ ಗಾಡಿಯದು ಮುಗಿಸಿ, ಎಣ್ಣೆಯ ನಳಿಗೆ ಹಿಡಿದು ಮೋಟರ್ ಸೈಕಲ್ಲಿನ ಹತ್ತಿರ ಹೋಗಿ ಕುಕ್ಕುರುಗಾಲಲ್ಲಿ ಕುಳಿತರು. ಚಿಮಟಾದ ಮೇಲೆ ಗ್ರೀಸು ತುಂಬಲು ಒಂದು ಸಣ್ಣ ಮೊಲೆಯಂಥದ್ದಿದೆ. ಅದನ್ನು ಇಕ್ಕಳದಿಂದ ತಿರುವಿ ಬಿಚ್ಚಿ, ಆ ತೂತಿನಲ್ಲಿ ಕೀಲೆಣ್ಣೆ ಸುರಿದು, ಮತ್ತೆ ತಿರುವಿ ಮುಚ್ಚಿದರು. ಎಷ್ಟು ಜೋಪಾನವಾಗಿ ಎಂದರೆ, ಮಗುವಿನ ಕಿವಿಗೆ ಎಣ್ಣೆ ಬಿಡುವವರ ಹಾಗೆ.

ನನ್ನ ಕೈಯಲ್ಲಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. ಯಾರಿಗೆ ಹೇಳುವುದು? ಎಪ್ಪತ್ತು ವರ್ಷದ ಮಾವನಿಗೆ ಸೊಸೆ ಬುದ್ಧಿ ಹೇಳುವ ಮನೆ ಅಲ್ಲ ಇದು. ಇವರಿಗೆ ಹೇಳಿದರೆ ಅಪ್ಪನ ಮೇಲೆ ಕೂಗಾಡುತ್ತಾರೆ, ಮುದುಕರು ಎರಡು ದಿನ ಊಟ ಬಿಡುತ್ತಾರೆ. ನನ್ನ ತವರು ಕಿಣ್ಣಿ ಸುಲ್ತಾನದಲ್ಲಾಗಿದ್ದರೆ ಅಲ್ಲೇ ನಿಂತು ಹೇಳಿಬಿಡುತ್ತಿದ್ದೆ. ಇಲ್ಲಿ, ಇವರು ಹೊಲಕ್ಕೆ ಹೋದದ್ದನ್ನು ನೋಡಿಕೊಂಡು, ಮಗುವನ್ನು ಸೊಂಟಕ್ಕೇರಿಸಿ, ಸುಡುವ ಬಿಸಿಲಲ್ಲಿ ಬೇವಿನ ಮರದವರೆಗೆ ನಡೆದೆ. ಮಿಸ್ತ್ರಿ ಎಲ್ಲ ಕೇಳಿ ನಗಲೂ ಇಲ್ಲ, ನಾನು ಹೇಳಿರಲಿಲ್ಲವೇ ಎನ್ನಲೂ ಇಲ್ಲ. ಚೀಲದಲ್ಲಿ ನಟ್ಟು ತಿರುವುವ ಪಾನಾ, ಗ್ರೀಸಿನ ಪಿಚಕಾರಿ, ಹಳೆಯ ಬುಶ್ಶಿನ ತಂತಿ ಹಾಕಿಕೊಂಡು ಸೈಕಲ್ ಹತ್ತಿದರು. ನಾನು ಮನೆ ಮುಟ್ಟುವಷ್ಟರಲ್ಲಿ ಅಂಗಳದಲ್ಲಿ ಪಿನ್ನು ಹೊರಗೆ ಬಂದಿತ್ತು, ಮಾವ ಪಕ್ಕದಲ್ಲಿ ನಿಂತಿದ್ದರು. ಏನೋ ಶಂಕೆ ಬಂತು, ನೋಡಲು ಬಂದೆ ಎಂದಷ್ಟೇ ಮಿಸ್ತ್ರಿ ಅವರಿಗೆ ಹೇಳಿದ್ದರಂತೆ. ಕೆಲಸ ಬಿಟ್ಟು ಎತ್ತಿನ ಗಾಡಿಯ ಕಡೆ ನೋಡಿ ಕೇಳಿದರು:

"ಕಾಕಾ, ಅಚ್ಚಿಗಿ ಎಣ್ಣಿ ಹಾಕೂ ಮೊದಲ ಏನ್ ಮಾಡ್ತೀರಿ?"

"ಹಳೀದು ವರಿಸಿ ತಗೀತೇನಿ. ಇಲ್ಲಂದ್ರ ಧೂಳಾ ಕೂಡಿ ಅಚ್ಚ ತಿಂತದ," ಎಂದರು ಮಾವ, ಇದನ್ನೂ ಕೇಳಬೇಕೇ ಎನ್ನುವಂತೆ.

"ಇದರ ಒಳಗಿಂದು ಹ್ಯಾಂಗ ವರಿಸ್ತೀರಿ?"

ಮಾವ ಬಗ್ಗಿ ಪಿನ್ನಿನ ತೂತು ನೋಡಿದರು. ಮಿಸ್ತ್ರಿ ತಂತಿಯನ್ನು ಅವರ ಕೈಗೆ ಕೊಟ್ಟು ಸೀಮೆಎಣ್ಣೆಯಲ್ಲಿ ಚಿಮಟಾದ ಒಳಗು ತೊಳೆಯತೊಡಗಿದರು. ಮುದುಕರು ಒಂದೊಂದೇ ಬುಶ್ಶಿನ ಒಳಗೆ ಹೆಬ್ಬೆರಳು ಆಡಿಸಿದರು. ಆ ಕರಕರ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೊಸ ಬುಶ್ಶುಗಳಿಗೆ ಇನ್ನೂ ಏನೂ ಆಗಿರಲಿಲ್ಲ. ಹಳದಿ ಗ್ರೀಸು ತುಂಬುತ್ತಿರುವಾಗಲೇ ಇವರು ಹೊಲದಿಂದ ಬಂದರು. ಬಿಚ್ಚಿದ ಗಾಡಿ ಕಂಡದ್ದೇ ತಡ, ಶುರು. ಮೂರು ವಾರವೂ ಆಗಿಲ್ಲ, ಮತ್ತೆ ಬಿಚ್ಚಿದ್ದಾರೆ, ಊರಿಗೆಲ್ಲ ಹೇಳುತ್ತೇನೆ, ನಾಳೆಯೇ ಗಾಡಿ ಮಾರುತ್ತೇನೆ, ನೀನು ರಾಜೀನಾಮೆ ಬರಿ. ಮಿಸ್ತ್ರಿ ಗ್ರೀಸು ತುಂಬುತ್ತಲೇ ಇದ್ದರು. ಒಂದು ಮಾತಾಡಿದ್ದರೆ ಸಾಕಿತ್ತು, ಆ ಮನುಷ್ಯ ಬಾಯಿ ಬಿಡಲಿಲ್ಲ. ನನಗೆ ಅವರ ಮೇಲೂ ಸಿಟ್ಟು ಬಂತು. ಕಡೆಗೆ ನಾನೇ ಹೇಳಬೇಕೆಂದು ಸೆರಗು ಸರಿಮಾಡಿಕೊಂಡೆ. ಅಷ್ಟರಲ್ಲಿ ಮಾವ ಬಾಯಿ ತೆರೆದರು.

"ಅವ್ರಿಗಿ ಬೈಬ್ಯಾಡ. ಅದರಾಗ ಕೀಲೆಣ್ಣಿ ಹಾಕಿದಾಂವ ನಾ. ಎಲ್ಲಾ ಬುಶ್ಶು ತಿಂದಾಂವ ನಾ. ಇಕಿ ಯಾಕ ನೌಕರಿ ಬಿಡಬೇಕು? ನಾ ಎಣ್ಣಿ ಹಾಕೂದು ಬಿಡ್ತೇನಿ."

ಇವರಿಗೆ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಅಪ್ಪನ ಕಡೆ ನೋಡಿದರು, ಮಿಸ್ತ್ರಿಯ ಕಡೆ ನೋಡಿದರು, ಕೊನೆಗೆ ಮಗುವಿಗೆ ಟೊಪ್ಪಿಗೆ ಏಕೆ ಹಾಕಿಲ್ಲ ಎಂದು ನನ್ನನ್ನು ಕೇಳಿದರು.

ಎಣ್ಣೆ ಹಾಕುವುದು ಬಿಡಬೇಡಿ ಎಂದು ಮಿಸ್ತ್ರಿ ಮಾವನಿಗೆ ಪಿಚಕಾರಿ ಹಿಡಿಯುವುದನ್ನು ತೋರಿಸಿದರು. ಮೊಲೆ ಬಿಚ್ಚದೆ ಅದರ ಮೇಲಿಟ್ಟು ಒತ್ತಬೇಕು, ಪಕ್ಕದಿಂದ ಸ್ವಚ್ಛ ಹಳದಿ ಹೊರಬರುವ ತನಕ ಒತ್ತಬೇಕು, ಅಮಾವಾಸ್ಯೆಗೊಮ್ಮೆ ಸಾಕು. ಪಿಚಕಾರಿ ಇಲ್ಲೇ ಇರಲಿ ಎಂದರು. ಆಮೇಲೆ ಪಿನ್ನು ಹಾಕಿ, ಗಾಲಿ ಕೂರಿಸಿ, ನಟ್ಟು ಕೈಯಲ್ಲಿ ತಿರುವಿ ನಿಂತರು. ಪೂರ್ತಿ ಬಿಗಿಯಬೇಕಾದರೆ ಗಾಡಿಯ ಮೇಲೆ ದಿನದ ಭಾರ ಬೇಕಂತೆ.

"ಸಾಲಿಗಿ ಹೊಂಟಾಗ ಹ್ಯಾಂಗ ಕೂಡ್ತೀರಿ, ಹಂಗ ಕೂಡ್ರಿ."

ಇವರು ಮುಂದೆ ಕುಳಿತರು. ನಾನು ಮಗುವನ್ನು ಎತ್ತಿಕೊಂಡು ಹಿಂದೆ. ಮಾವ ಹ್ಯಾಂಡಲ್ಲು ಹಿಡಿದು ನಿಂತರು. ಮಿಸ್ತ್ರಿ ನೆಲಕ್ಕೆ ಕುಳಿತು, ಉರ್ದುವಿನಲ್ಲಿ ಚಿಮಟಾಕ್ಕೆ ಏನೋ ಹೇಳುತ್ತ, ಪಾನಾವನ್ನು ಕಾಲು ಸುತ್ತು, ಮತ್ತೆ ಕಾಲು ಸುತ್ತು ತಿರುವತೊಡಗಿದರು. ಅಂಗಳದಲ್ಲಿ ನಿಂತ ಗಾಡಿಯ ಮೇಲೆ ನಾವು ಎಲ್ಲಿಗೂ ಹೋಗದೆ ಕುಳಿತಿದ್ದೆವು. ಒಳಗೆ ಒಲೆಯ ಮೇಲಿನ ಬೇಳೆ ಹೊತ್ತುವ ವಾಸನೆ ಬರುತ್ತಿತ್ತು, ಮಿಸ್ತ್ರಿಗೆ ಅವಸರವಿರಲಿಲ್ಲ.

"ನಾಳಿ ಎಷ್ಟಕ್ಕ ಹೊಂಡೋದು?" ಎಂದು ಇವರು ಹಿಂದೆ ತಿರುಗದೆ ಕೇಳಿದರು.

ಒಂಬತ್ತಕ್ಕೆ ಎಂದೆ. ಮಗು ಇವರ ಅಂಗಿಯ ಕೊರಳಪಟ್ಟಿ ಜಗ್ಗುತ್ತಿತ್ತು. ನಾನು ಬಿಡಿಸಲಿಲ್ಲ.