ಪೆನ್ನು ತಾಗಿಸದ ಮುಕುಂದಯ್ಯ

ಹೊಸನಗರದ ತಾಲ್ಲೂಕು ಕಚೇರಿಯ ಎದುರು ನನ್ನ ಸ್ಟೇಷನರಿ ಅಂಗಡಿ ಇದೆ. ಜಗಲಿಯ ಅರ್ಧ ನನ್ನದು, ಉಳಿದರ್ಧ ಅರ್ಜಿ ಬರೆಯುವ ಮುಕುಂದಯ್ಯನವರದು. ಹಾಗಂತ ಯಾರೂ ಬರೆದುಕೊಟ್ಟಿಲ್ಲ. ನಾನು ಅಂಗಡಿ ತೆರೆಯುವ ಮೊದಲೇ ಅವರ ಮೇಜು ಅಲ್ಲಿತ್ತು, ಅಷ್ಟೆ. ಅಪ್ಪ ತೀರಿಕೊಂಡ ಮೇಲೆ ಜಮೀನು ಮಕ್ಕಳ ಹೆಸರಿಗೆ ಆಗಬೇಕೆಂದರೆ ಜನ ಮೊದಲು ಬರುವುದು ಆ ಮೇಜಿಗೆ. ಎಲ್ಲ ಆನ್‌ಲೈನ್ ಆದ ಮೇಲೂ, ಎಂತ ಬರೆಯಬೇಕು ಎಂದು ಕೇಳಲು ಕಂಪ್ಯೂಟರ್ ಅಂಗಡಿಯವರು ಇಲ್ಲಿಗೇ ಬರುತ್ತಾರೆ.

ಊರಿಗೆಲ್ಲ ಖಾತೆ ಮಾಡಿಸಿಕೊಟ್ಟ ಈ ಮನುಷ್ಯನ ಅಪ್ಪನ ಮುಕ್ಕಾಲು ಎಕರೆ ಮಾತ್ರ ಇನ್ನೂ ಸತ್ತ ಅಪ್ಪನ ಹೆಸರಿನಲ್ಲೇ ಇತ್ತು. ಕಾರಣ ಒಂದು ಆಣೆ. ಮೂವತ್ತು ವರ್ಷದ ಹಿಂದೆ, ಅಪ್ಪನ ತಿಥಿಯ ದಿನ, ತಮ್ಮನ ಹೆಂಡತಿ ಮಹಾಲಕ್ಷ್ಮಿ ಒಳಗಿನಿಂದ ಅಂದರಂತೆ: "ಭಾವನ ಕೈಯಲ್ಲಿ ಪೆನ್ನಿದೆ. ಜಮೀನು ಯಾರ ಹೆಸರಿಗೆ ಹೋಗ್ತದೆ ಅಂತ ನಂಗೆ ಗೊತ್ತಿಲ್ವಾ?" ಮುಕುಂದಯ್ಯ ಎಲೆಯ ಮುಂದಿನಿಂದ ಎದ್ದು ದೇವರ ದೀಪ ಮುಟ್ಟಿದರು. ತನಗೆ ಆ ಜಮೀನು ಬೇಡ, ಅದರ ಕಾಗದಕ್ಕೆ ತನ್ನ ಪೆನ್ನೂ ತಾಗುವುದಿಲ್ಲ ಎಂದು ಆಣೆಯಿಟ್ಟು ಪೇಟೆಗೆ ಬಂದರು. ಮದುವೆಯನ್ನೂ ಆಗಲಿಲ್ಲ. ಅದಕ್ಕೆ ಆಣೆ ಇರಲಿಲ್ಲ, ಯಾರೂ ಹೆಣ್ಣು ಕೊಡಲಿಲ್ಲ.

ಬಿಟ್ಟದ್ದು ಬಿಟ್ಟರು, ಸರಿ. ಆದರೆ ಬಿಟ್ಟೆ ಎಂದು ಸಹಿ ಹಾಕಬೇಕಲ್ಲ! ಆ ಸಹಿಗೂ ಪೆನ್ನು ಬೇಕು.

ಹೋದ ವರ್ಷ ತಮ್ಮ ತೀರಿಕೊಂಡರು. ಮಹಾಲಕ್ಷ್ಮಿ ಮತ್ತು ಮಗಳು ವಿನಯಾ ಇರುವುದು ಬಸ್ ಸ್ಟ್ಯಾಂಡ್ ಹಿಂದಿನ ಬಾಡಿಗೆ ಮನೆಯಲ್ಲಿ. ದೀಪಾವಳಿಯೊಳಗೆ ಬಿಡಿ ಎಂದು ಮನೆಯ ಮಾಲೀಕರು ಹೇಳಿಯಾಗಿತ್ತು. ಆ ಮುಕ್ಕಾಲು ಎಕರೆಯಲ್ಲಿ ಎರಡು ಕೋಣೆ ಕಟ್ಟೋಣವೆಂದರೆ ಖಾತೆಯಿಲ್ಲದೆ ಪಂಚಾಯಿತಿಯ ಪರವಾನಗಿ ಇಲ್ಲ, ದೊಡ್ಡಪ್ಪನ ಸಹಿಯಿಲ್ಲದೆ ಖಾತೆ ಇಲ್ಲ.

"ದೊಡ್ಡಪ್ಪ, ಒಂದು ಸಹಿ," ಎಂದು ವಿನಯಾ ಜಗಲಿಗೆ ಬಂದದ್ದು ಎಷ್ಟು ಸಲವೋ.

"ಆಣೆ ಮಗಳೆ."

"ಆಣೆ ಇಟ್ಕೊಂಡು ನಾವೆಲ್ಲಿ ಮಲಗೋದು?"

"ಜಮೀನು ನಿಂದೇ. ನಾನು ಯಾವತ್ತೋ ಬಿಟ್ಟಾಯ್ತು."

ಕೇಳಿ ಕೇಳಿ ನನ್ನ ತಲೆ ಕೆಟ್ಟಿತ್ತು. "ಅಯ್ನೋರೆ, ನಿಮ್ಮ ತ್ಯಾಗದ ದೆಸೆಯಿಂದ ಆ ಹೆಂಗಸ್ರು ಬೀದಿಗೆ ಬೀಳ್ತಾರೆ," ಎಂದೆ. ನಾಲ್ಕು ದಿನ ನನ್ನ ಜಗಲಿಯಲ್ಲೇ ಕುಳಿತು ನನ್ನೊಡನೆ ಮಾತು ಬಿಟ್ಟರು!

ಇದಕ್ಕೆಲ್ಲ ಮೂಲ ತಾಳಮದ್ದಲೆ ಎಂಬುದು ನನ್ನ ಗುಮಾನಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುವುದು, ಪಾತ್ರಧಾರಿಗಳು ಪಂಚೆ ಶಾಲಿನಲ್ಲಿ ಕುಳಿತು ಮಾತಿನಲ್ಲೇ ಯುದ್ಧ ಮಾಡುವುದು. ಮುಕುಂದಯ್ಯನವರದು ಯಾವಾಗಲೂ ಪಿತಾಮಹನ ಪಾತ್ರ. ಅಪ್ಪನ ಮರುಮದುವೆಗಾಗಿ ಸಿಂಹಾಸನವನ್ನೂ ಸಂಸಾರವನ್ನೂ ಬಿಟ್ಟವನ ಪರವಾಗಿ ವಾದಿಸಿ ವಾದಿಸಿ, ಹಟವೇ ಧರ್ಮವೆಂದು ಇವರ ತಲೆಯಲ್ಲಿ ಕೂತುಬಿಟ್ಟಿತ್ತು.

ಆಷಾಢದ ಒಂದು ಭಾನುವಾರ ಮಧ್ಯಾಹ್ನ ತೀರ್ಥಹಳ್ಳಿಯಲ್ಲಿ ಕೂಟ. ಎದುರಿಗೆ ಕಾಶಿಯ ರಾಜಕುಮಾರಿಯ ಪಾತ್ರಕ್ಕೆ ಬಂದು ಕುಳಿತವಳು ವಿನಯಾ; ಕೂಟಗಳಲ್ಲಿ ಮಾತಾಡಿ ಅವಳಿಗೂ ರೂಢಿಯಿತ್ತು. ತಮ್ಮನಿಗೆ ಮದುವೆ ಮಾಡಿಸಲೆಂದು ಪಿತಾಮಹ ರಥದಲ್ಲಿ ಹೊತ್ತು ತಂದ ಹೆಣ್ಣು ಅದು. ಮೆಚ್ಚಿದವನೂ ಬೇಡವೆಂದ ಮೇಲೆ ತಿರುಗಿ ಬಂದು, ನೀನೇ ಮದುವೆಯಾಗು ಎಂದು ಕೇಳುವವಳು. ಆಗದಿದ್ದಾಗ ಸೇಡಿಗೆ ನಿಲ್ಲುವವಳು.

"ಸಿಂಹಾಸನ ಬಿಟ್ಟೆ ಎನ್ನುತ್ತೀರಿ," ಎಂದು ಶುರುಮಾಡಿದಳು. "ಬಿಟ್ಟವರು ಅದರ ಮೆಟ್ಟಿಲ ಮೇಲೆ ಯಾಕೆ ನಿಂತಿದ್ದೀರಿ? ನೀವು ಕೂರಲಿಲ್ಲ, ಕೂರುವವರಿಗೂ ದಾರಿ ಬಿಡಲಿಲ್ಲ. ನಿಮ್ಮ ಆಣೆಯಿಂದ ನನಗೆ ನಿಲ್ಲಲು ನೆಲವಿಲ್ಲ. ಅದು ಕಾದದ್ದಾದರೂ ಯಾರನ್ನು?"

"ಸತ್ಯವನ್ನು, ತಾಯಿ."

"ಸತ್ಯಕ್ಕೆ ಸೂರು ಬೇಡ ಸ್ವಾಮಿ. ನನಗೆ ಬೇಕು."

ಮುಕುಂದಯ್ಯ ಬಾಯಿ ತೆರೆದರು. ಶಾಲು ಸರಿಮಾಡಿಕೊಂಡರು, ನೀರು ಕುಡಿದರು. ಭಾಗವತ ಗಜಾನನ ತಾಳ ಹಿಡಿದು ಅಷ್ಟು ಹೊತ್ತು ಕಾದವರು, ಕೊನೆಗೆ ಪಾಪ ಅನ್ನಿಸಿ ಮುಂದಿನ ಪದ ಎತ್ತಿಬಿಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ನನ್ನ ಪಕ್ಕದಲ್ಲಿದ್ದರು. ಅರ್ಧ ದಾರಿಯಲ್ಲಿ, "ಪಾರ್ಶ್ವ, ಹೆಬ್ಬೆಟ್ಟಿಗೆ ಪೆನ್ನು ಬೇಡ ಅಲ್ಲೇನೋ?" ಎಂದರು.

ನನಗೆ ಮೈಯೆಲ್ಲ ಉರಿಯಿತು. "ಮೂವತ್ತು ವರ್ಷ ಇದು ಹೊಳೀಲಿಲ್ವಾ ನಿಮ್ಗೆ?"

"ಹೊಳೆದಿತ್ತು ಮಾರಾಯ. ಆದ್ರೆ ಓದು ಬರಹ ಬಾರದವ ಅಂತ ಬರೆಸ್ಬೇಕಲ್ಲ, ದಿನಾ ನನ್ನ ಬರಹ ನೋಡೋ ಆಫೀಸಲ್ಲೇ."

ಮರುವಾರ ನೋಂದಣಿ ಕಚೇರಿಗೆ ಹೋದೆವು. ನಾನು ಸಾಕ್ಷಿ. ಹಕ್ಕು ಬಿಡುಗಡೆ ಪತ್ರವನ್ನು ವಿನಯಾ ಹೊರಗೆಲ್ಲೋ ಟೈಪ್ ಮಾಡಿಸಿದ್ದಳು.

"ಸಹಿ ಹಾಕಿ ಅಯ್ನೋರೆ," ಎಂದರು ಗುಮಾಸ್ತರು.

"ಬರಲ್ಲ."

"ಎಂತ ಬರಲ್ಲ?"

"ಓದು, ಬರಹ. ಎರಡೂ ಬರಲ್ಲ."

ಕಚೇರಿಯಲ್ಲಿ ಇದ್ದವರೆಲ್ಲ ತಿರುಗಿ ನೋಡಿದರು. ಗುಮಾಸ್ತರು ನನ್ನ ಮುಖ ನೋಡಿದರು, ನಾನು ಫ್ಯಾನು ನೋಡಿದೆ. ಅಕ್ಷರ ಬಾರದವರಿಗೆ ಪತ್ರ ಓದಿ ಹೇಳಬೇಕು. ಅವರು ಓದಿದರು. ಮುಕುಂದಯ್ಯ ಕಣ್ಣು ಮುಚ್ಚಿ ಕೇಳಿದರು. ಕಿವಿ ಮಾತ್ರ ಕೆಂಪಗಾಗಿತ್ತು.

"ನಿಲ್ಸಿ. ಪೂರ್ವಕ್ಕೆ ಹಳ್ಳ ಅಂದ್ರಿ. ಹಳ್ಳ ಇರೋದು ಪಶ್ಚಿಮಕ್ಕೆ. ಹೀಗೇ ಬಿಟ್ರೆ ನಾಳೆ ಖಾತೆ ಅರ್ಜಿ ತಿರುಗಿ ಬರ್ತದೆ."

"ಓದಕ್ಕೆ ಬರಲ್ಲ ಅಂದ್ರಿ?"

"ಕಿವಿ ಕೇಳ್ತದೆ ಸ್ವಾಮಿ."

ವಿನಯಾ ಪತ್ರ ಹಿಡಿದು ಮತ್ತೆ ಟೈಪ್ ಮಾಡಿಸಲು ಓಡಿದಳು. ನನ್ನ ಅಂಗಡಿ ಮಧ್ಯಾಹ್ನದವರೆಗೆ ಮುಚ್ಚಿತ್ತು, ಅದನ್ನು ಕೇಳುವವರು ಯಾರು!

ಹೊಸ ಪತ್ರ ಬಂತು. ಇನ್ನೊಮ್ಮೆ ಪೂರ್ತಿ ಓದಿಸಿಕೊಂಡು, ಹೆಬ್ಬೆಟ್ಟನ್ನು ಮಸಿಗೆ ಅದ್ದಿ ಒತ್ತಿದರು. ಬೆಂಚಿನ ತುದಿಯಲ್ಲಿ ಕುಳಿತಿದ್ದ ಮಹಾಲಕ್ಷ್ಮಿ ಎದ್ದು ಬಂದು, ಚೀಲದಿಂದ ಹಳೆಯ ಪೇಪರಿನ ತುಂಡು ತೆಗೆದು ಚಾಚಿದರು.

"ಒರೆಸ್ಕೊಳಿ ಭಾವ."

ಮುಕುಂದಯ್ಯ ಬೆರಳು ಒರೆಸಿದರು. ಮಸಿ ಪೂರ್ತಿ ಹೋಗಲಿಲ್ಲ.

"ಬಾಗ್ಲು ಹಳ್ಳದ ಕಡೆ ಇಡ್ಬೇಡಿ," ಎಂದರು ಗೋಡೆ ನೋಡುತ್ತ. "ಮಳೆಗಾಲಕ್ಕೆ ನೀರು ಒಳಗೆ ಬರ್ತದೆ."

ಮೂವತ್ತು ವರ್ಷದಲ್ಲಿ ಅವರು ಆಕೆಗೆ ಆಡಿದ ಮೊದಲ ಮಾತು ಅದು.