ಕೈ ತೊಳೆಯುವ ಸದ್ದು

ಇವತ್ತು ಬೆಳಿಗ್ಗೆ ಬಟ್ಟೆ ಸೋಪಿನ ನೊರೆ ಮಾಡಿಕೊಂಡು ಗಾಡಿಯೊಳಗಿನ ಗ್ಯಾಸ್ ಟ್ಯೂಬಿಗೆ ಹಚ್ಚುತ್ತಾ ಕೂತಿದ್ದೆ. ಗ್ಯಾಸ್ ಸೋರುತ್ತಿದ್ದರೆ ಆ ಜಾಗದಲ್ಲಿ ಗುಳ್ಳೆ ಏಳುತ್ತದೆ. ಏಳಲಿಲ್ಲ. ಆದರೆ ಸೋಪಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಭಾವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಇನ್ನೊಂಚೂರು ಹಚ್ಲಾ, ಜಿಪುಣ" ಅಂದಂತಾಯಿತು. ಭಾವ ತೀರಿಕೊಂಡು ವರ್ಷಗಳಾದವು.

ಗಾಡಿ ಅಂದರೆ ಅಂತಿಂಥ ಗಾಡಿಯಲ್ಲ ಕಣ್ರೀ, ಮನೆಗಾಡಿ. ಹನಗೋಡಿನ ನಮ್ಮ ಭಾವ, ಅಂದರೆ ಅಕ್ಕನ ಗಂಡ, ಹಳೇ ಮಿನಿಬಸ್ಸೊಂದನ್ನು ತಂದು, ಸೀಟು ಕಿತ್ತು, ಮಂಚ, ಒಲೆ, ಸಿಂಕು ಎಲ್ಲ ಕೂರಿಸಿದ್ದರು. ಹೊಗೆಸೊಪ್ಪು ಬೇಯಿಸಿ ಒಣಗಿಸುವ ಕೆಲಸ ಮುಗಿಯಿತೋ, ಅಕ್ಕನನ್ನು ಹತ್ತಿಸಿಕೊಂಡು ಹೊರಟೇಬಿಡೋರು. ಊರವರು ನಕ್ಕರು. ನಾನೂ ಸೇರಿ ನಕ್ಕೆ. ನಕ್ಕ ತಪ್ಪಿಗೋ ಏನೋ, ಹುಣಸೂರಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿದ್ದ ನನ್ನ ತಲೆಗೇ ಅದರ ರಿಪೇರಿಯೆಲ್ಲ ಬಂತು.

ಅದರಲ್ಲೂ ನೀರಿನ ಪಂಪು ಭಾವನ ಮುದ್ದಿನ ಕೂಸು. ಟ್ಯಾಪು ತಿರುಗಿಸಿದರೆ ತಾನೇ ಗುರ್ರ್ ಅಂತ ಓಡುತ್ತೆ, ಮುಚ್ಚಿದರೆ ನಿಲ್ಲುತ್ತೆ.

"ಯಾರೂ ಟ್ಯಾಪ್ ಮುಟ್ದೆ ಪಂಪು ಓಡುದ್ರೆ ಏನ್ಲಾ ಅರ್ಥ?" ಅಂತ ನನಗೆ ಪರೀಕ್ಷೆ ಇಡೋರು.

"ಎಲ್ಲೋ ಲೀಕು, ಭಾವ."

"ಇಲ್ಲಾ, ಯಾರೋ ಕೈ ತೊಳೀತಾವ್ರೆ!" ಅಂತ ಹೊಟ್ಟೆ ಕುಣಿಸಿ ನಗೋರು. ನೂರು ಸಲ ಹೇಳಿದ್ದರೂ ಅವರಿಗೆ ಅದು ಹೊಸ ಜೋಕೇ.

ಭಾವ ತೀರಿಕೊಂಡ ವರ್ಷವೇ ಗಾಡಿ ಮಾರುವುದೆಂದು ತೀರ್ಮಾನವಾಯಿತು. ಪಿರಿಯಾಪಟ್ಟಣದವರೊಬ್ಬರು ಹಿರಿಯರ ಹಬ್ಬದ ಮಾರನೇ ದಿನ ಬಂದು ಒಯ್ಯುವವರಿದ್ದರು. ಅಕ್ಕ ಬೇಡ ಅನ್ನಲಿಲ್ಲ. ಒಂದೇ ಮಾತು ಹೇಳಿದಳು: "ಈ ಸಲದ ಎಡೆ ಗಾಡೀಲೇ ಇಕ್ಕಾನ ಕಣಪ್ಪ. ನಾಳೆ ಇದೂ ಹೊಂಟೋದ್ರೆ ಅವ್ರು ಎಲ್ಲಿಗೆ ಅಂತ ಬತ್ತಾರೆ?"

ನಮ್ಮ ಕಡೆ ಹಿರಿಯರ ಹಬ್ಬಕ್ಕೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ದೀಪ ಹಚ್ಚಿ, ಬಾಗಿಲು ಮುಚ್ಚಿ ಆಚೆ ನಿಲ್ಲುತ್ತೇವೆ. ಅವರು ಉಣ್ಣುವಾಗ ಯಾರೂ ನೋಡಬಾರದು. ಒಳಗೆ ಹೋಗುವ ಮುಂಚೆ ಕೆಮ್ಮಿ ಹೋಗಬೇಕು. ಅಕ್ಕ ಗಾಡಿಯ ಒಲೆಯಲ್ಲೇ ಕೋಳಿ ಸಾರು ಬಿಸಿ ಮಾಡಿ, ಮುದ್ದೆ ಇಟ್ಟು, ಸಿಂಕಿನ ಪಕ್ಕ ಫೋಟೋದ ಮುಂದೆ ದೀಪ ಹಚ್ಚಿದಳು. ಬಾಗಿಲು ಎಳೆದುಕೊಂಡು ಇಬ್ಬರೂ ಇಳಿದೆವು. ಹೊತ್ತು ಮುಳುಗುತ್ತಿತ್ತು. ಹೊಳೆ ಕಡೆಯಿಂದ ಗಾಳಿಯೇ ಇಲ್ಲ.

ಆಗ ಒಳಗೆ ಪಂಪು ಓಡಿತು. ಗುರ್ರ್. ನಿಂತಿತು.

ನನ್ನ ಬಾಯಿ ಹಳೇ ಅಭ್ಯಾಸಕ್ಕೆ, "ಎಲ್ಲೋ ಲೀಕು ಕಣಕ್ಕ" ಅಂತು. ಅಕ್ಕನ ಮುಖ ನೋಡಬೇಕಿತ್ತು ನೀವು, ಮದುವೆಯ ದಿನದ ಹಾಗೆ ಅರಳಿತ್ತು. "ಇಷ್ಟ್ ಬೇಗ ಉಂಡ್ರಾ! ಕೈ ತೊಳೀತಾವ್ರೆ, ಬಾ" ಅಂತ ಕೆಮ್ಮಿ ಬಾಗಿಲು ತೆಗೆದೇಬಿಟ್ಟಳು.

ಒಳಗೆ ದೀಪ ಕೆಟ್ಟಿತ್ತು. ಎಡೆಯ ದೀಪ ಕೆಟ್ಟರೆ ಹೆಣ್ಣುಮಕ್ಕಳಿಗೆ ಜೀವವೇ ಹೋದಂತೆ. "ಅಯ್ಯೋ ನಮ್ಮಪ್ಪಾ" ಅನ್ನುತ್ತಾ ಅಕ್ಕ ಬೆಂಕಿಪೊಟ್ಟಣಕ್ಕೆ ಕೈ ಹಾಕಿದಳು. ಕಡ್ಡಿಯನ್ನೂ ತೆಗೆದಳು. ಅಷ್ಟರಲ್ಲಿ ನನ್ನ ಮೂಗಿಗೆ ಗ್ಯಾಸ್ ವಾಸನೆ ಗಪ್ಪೆಂದು ಬಡಿಯಿತು.

"ಗೀರ್ಬ್ಯಾಡ!" ಅಂತ ಕಿರುಚಿ, ಅವಳ ಕೈ ಹಿಡಿದು ಆಚೆಗೆ ಎಳೆದುಕೊಂಡೆ. ಇಬ್ಬರೂ ದಬಕ್ಕನೆ ನೆಲಕ್ಕೆ ಬಿದ್ದೆವು.

ಉಸಿರು ಹಿಡಿದು ನುಗ್ಗಿ ಸಿಲಿಂಡರು ಬಂದ್ ಮಾಡಿ ಬಂದು, ವಾಸನೆ ಆರಿದ ಮೇಲೆ ಒಳಗೆ ಹೋಗಿ ನೋಡಿದೆ. ಒಲೆಯ ಹಿಂದೆ ಟ್ಯೂಬನ್ನು ಇಲಿ ಕಡಿದಿತ್ತು. ದೀಪ ಇನ್ನೊಂದು ಗಳಿಗೆ ಉರಿದಿದ್ದರೂ ಸಾಕಿತ್ತು, ಗಾಡಿಯೂ ಇಲ್ಲ, ಬಾಗಿಲಲ್ಲಿ ನಿಂತ ನಾವೂ ಇಲ್ಲ. ಪಂಪಿನ ಮೋಟಾರಿನ ಕಿಡಿಗೂ ಅದು ಹತ್ತಿಕೊಳ್ಳಬಹುದಿತ್ತು, ಹತ್ತಲಿಲ್ಲ. ದೀಪದ ಬತ್ತಿ ಮುಟ್ಟಿದೆ. ಒದ್ದೆ. ಎಣ್ಣೆಯಲ್ಲ, ನೀರು. ಟ್ಯಾಪು ಮಾತ್ರ ಬಿಗಿಯಾಗಿ ಮುಚ್ಚಿತ್ತು. ಲೀಕು ಹುಡುಕಿ ಹುಡುಕಿ ಸಾಕಾದೆ, ಒಂದು ಹನಿಯೂ ಸಿಗಲಿಲ್ಲ. ಮೂವತ್ತು ವರ್ಷ ಮೋಟಾರು ಬಿಚ್ಚಿದವನ ಜಂಭ ಅವತ್ತು ಇಳಿಯಿತು.

ಗಾಡಿ ಮಾರಲಿಲ್ಲ. ಈಗ ನಾನೇ ಓಡಿಸುತ್ತೇನೆ. ಅಕ್ಕ ಮುಂದಿನ ಸೀಟಿನಲ್ಲಿ ಕೂರುತ್ತಾಳೆ. ನಾನು ಟ್ಯಾಪು ತಿರುಗಿಸಿ ಪಂಪು ಗುರ್ ಅಂದಾಗೆಲ್ಲ ಅವಳು ಆಸೆಯಿಂದ ಹಿಂದಕ್ಕೆ ತಿರುಗಿ ನೋಡಿ, "ನೀನೇನ್ಲಾ?" ಅನ್ನುತ್ತಾಳೆ. "ನಾನೇ ಕಣಕ್ಕ" ಅನ್ನುತ್ತೇನೆ. ಪಾಪ, ಮುಂದಕ್ಕೆ ತಿರುಗಿಕೊಳ್ಳುತ್ತಾಳೆ.

ಇವತ್ತು ಕಬಿನಿ ಹಿನ್ನೀರಿಗೆ ಹೊರಟಿದ್ದೆವು. ಅಕ್ಕ ಕಾಫಿ ಕಾಯಿಸಲು ಬೆಂಕಿಪೊಟ್ಟಣ ಹುಡುಕುತ್ತಿದ್ದಳು. ಟ್ಯೂಬು ನೋಡಿಯಾಯಿತಲ್ಲ ಅಂತ ನಾನು ಎದ್ದೆ. ಎರಡೂ ಕೈ ತುಂಬ ನೊರೆ. ಟ್ಯಾಪಿಗೆ ಕೈ ಚಾಚುವ ಮುಂಚೆಯೇ ಪಂಪು ಓಡಿತು.

"ನೀನೇನ್ಲಾ?" ಅಂದಳು ಅಕ್ಕ.

ನಾನು ಮತ್ತೆ ಕುಕ್ಕರಿಸಿದೆ. ಕೈಯಲ್ಲಿದ್ದ ನೊರೆಯನ್ನು ಈ ಸಲ ಸಿಲಿಂಡರಿನ ಬಾಯಿಗೆ, ರೆಗ್ಯುಲೇಟರಿನ ಸುತ್ತ ಸವರಿದೆ. ಗುಳ್ಳೆಯೊಂದು ನಿಧಾನವಾಗಿ ಊದಿಕೊಂಡಿತು. ರೆಗ್ಯುಲೇಟರು ತಿರುಗಿಸಿ ಬಂದ್ ಮಾಡಿ, ಅಕ್ಕನ ಕೈಯಿಂದ ಬೆಂಕಿಪೊಟ್ಟಣ ಇಸಿದುಕೊಂಡೆ.

"ನಾನಲ್ಲ ಕಣಕ್ಕ" ಅಂದೆ.